ಹೆಣ್ಣು ಜೇಡದ ಒಪ್ಪಿಗೆಯೇ ಗಡಿ

ಪ್ರಶ್ನೆ: ಬೆಟ್ಟವೋ ನದಿಯೋ ಅಡ್ಡಬಂದು ಬೇರ್ಪಟ್ಟ ಪ್ರಾಣಿಗಳು ಕಾಲಾಂತರದಲ್ಲಿ ಎರಡು ಪ್ರಭೇದಗಳಾಗುತ್ತವೆ ಎಂದು ಓದಿದ್ದೇನೆ. ಜೇಡಗಳಲ್ಲಿ ಹೆಣ್ಣಿನ ಆಯ್ಕೆಯೊಂದೇ ಈ ಕೆಲಸ ಮಾಡಬಲ್ಲದೆ?

ಉತ್ತರ: ಹೆಣ್ಣಿನ ಆಯ್ಕೆ ಎರಡು ಪ್ರಭೇದಗಳ ನಡುವೆ ಗೋಡೆಯಾಗಿ ನಿಲ್ಲಬಲ್ಲದು ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ, ಆದರೆ ಆ ಗೋಡೆಯನ್ನು ಮೊದಲು ಎಬ್ಬಿಸಿದ್ದೂ ಅದೊಂದೇ ಎಂದು ಹೇಳುವ ಧೈರ್ಯ ನನಗಿಲ್ಲ.

ಅಮೆರಿಕದ ಕಾಡುಗಳ ತರಗೆಲೆಗಳ ನಡುವೆ ಸ್ಕಿಜೊಕೋಸಾ ಒಕ್ರಿಯೇಟಾ ಮತ್ತು ಸ್ಕಿಜೊಕೋಸಾ ರೋವ್ನೆರಿ ಎಂಬ ಎರಡು ತೋಳ ಜೇಡಗಳಿವೆ. ಬಲೆ ಹೆಣೆಯದೆ ನೆಲದ ಮೇಲೆ ಓಡಾಡಿ ಬೇಟೆಯಾಡುವ ಇವುಗಳ ಹೆಣ್ಣುಗಳನ್ನು ನೋಡಿ ಬೇರ್ಪಡಿಸುವುದು ಬಹಳ ಕಷ್ಟ. 1979ರವರೆಗೆ ರೋವ್ನೆರಿಗೆ ಪ್ರತ್ಯೇಕ ಹೆಸರೂ ಇರಲಿಲ್ಲ. ಗಂಡುಗಳ ನಡವಳಿಕೆ ಮಾತ್ರ ಪೂರ್ತಿ ಬೇರೆ. ಒಕ್ರಿಯೇಟಾ ಗಂಡಿನ ಮುಂಗಾಲುಗಳಲ್ಲಿ ಕಪ್ಪು ಕೂದಲಿನ ಕುಚ್ಚುಗಳಿರುತ್ತವೆ. ಅದು ಆ ಕಾಲುಗಳನ್ನೆತ್ತಿ ಬೀಸುತ್ತ, ನೆಲ ತಟ್ಟುತ್ತ, ಜೊತೆಗೆ ಎಲೆಯಲ್ಲಿ ಕಂಪನವನ್ನೂ ಎಬ್ಬಿಸುತ್ತ ಹೆಣ್ಣನ್ನು ಓಲೈಸುತ್ತದೆ. ಕುಚ್ಚಿಲ್ಲದ ರೋವ್ನೆರಿ ಗಂಡು ನಿಂತಲ್ಲೇ ಮೈಯನ್ನು ಎಲೆಗೆ ಕುಕ್ಕಿ ಕುಕ್ಕಿ ಕಂಪನವನ್ನಷ್ಟೇ ಕಳಿಸುತ್ತದೆ. ಹೆಣ್ಣು ಅದನ್ನು ಕಾಲುಗಳಿಂದಲೇ ಗ್ರಹಿಸುತ್ತದೆ.

ಗೇಲ್ ಸ್ಟ್ರಾಟನ್ ಮತ್ತು ಜಾರ್ಜ್ ಯೂಟ್ಸ್ 1980ರ ದಶಕದಲ್ಲಿ ಪ್ರಯೋಗಾಲಯದಲ್ಲಿ ಹೆಣ್ಣಿಗೆ ನಿರಾಕರಿಸುವ ಅವಕಾಶವೇ ಇಲ್ಲದಂತೆ ಮಾಡಿ ಈ ಎರಡನ್ನೂ ಕೂಡಿಸಿದಾಗ ಮರಿಗಳು ಹುಟ್ಟಿ ಬೆಳೆದವು. ಎಂದರೆ, ರಕ್ತದಲ್ಲಿ ಅಡ್ಡಿಯಿರಲಿಲ್ಲ. ಆದರೆ ಆ ಮಿಶ್ರತಳಿಯ ಗಂಡುಗಳ ಓಲೈಕೆ ಎರಡೂ ಕಡೆಯ ಚೇಷ್ಟೆಗಳು ಕಲಸಿಹೋದಂತಿದ್ದು, ಯಾವ ಪ್ರಭೇದದ ಹೆಣ್ಣಿಗೂ ಅದು ಒಪ್ಪಿಗೆಯಾಗಲಿಲ್ಲ. ಬದುಕಬಲ್ಲ ಸಂತಾನವೂ ಮುಂದಿನ ಪೀಳಿಗೆಗೆ ದಾಟದಂತೆ ತಡೆಯುವುದು ಇಲ್ಲಿ ಹೆಣ್ಣಿನ ಅಭಿರುಚಿ.

ಆ ಅಭಿರುಚಿ ಹುಟ್ಟಿನಿಂದಲೇ ಬಂದಿರಬೇಕೆಂದೇನೂ ಇಲ್ಲ. ಇದೇ ಕುಲದ ಸ್ಕಿಜೊಕೋಸಾ ಯೂಟ್ಸಿ ಜೇಡದ ಗಂಡುಗಳ ಮುಂಗಾಲಿಗೆ ಐಲೀನ್ ಹೆಬೆಟ್ಸ್ ಕಪ್ಪು ಅಥವಾ ಕಂದು ನೇಲ್ ಪಾಲಿಶ್ ಬಳಿದು, ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣುಗಳ ಮುಂದೆ ಬಿಟ್ಟರು. ಬೆಳೆದ ಮೇಲೆ ಆ ಹೆಣ್ಣುಗಳು ತಾವು ಕಂಡಿದ್ದ ಬಣ್ಣದ ಗಂಡುಗಳನ್ನೇ ಹೆಚ್ಚಾಗಿ ಒಪ್ಪಿದವು; ಅಪರಿಚಿತ ಬಣ್ಣದವುಗಳನ್ನು ತಿಂದುಹಾಕುವ ಸಾಧ್ಯತೆ ಹೆಚ್ಚಿತ್ತು. 2003ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ಇಂದಿಗೂ ಸೋಜಿಗವೇ.

ಆದರೆ ಅಭಿರುಚಿ ಸದಾ ಬೇರ್ಪಡಿಸುತ್ತದೆ ಎಂದುಕೊಳ್ಳಬೇಡಿ. ಅರಿಜೋನಾದ ಮರುಭೂಮಿಯ ನಡುವೆ ದ್ವೀಪಗಳಂತೆ ನಿಂತ ಬೆಟ್ಟಗಳ ಮೇಲೆ ಹ್ಯಾಬ್ರೊನಾಟಸ್ ಪ್ಯುಜಿಲಿಸ್ ಎಂಬ ಜಿಗಿಯುವ ಜೇಡವಿದ್ದು, ಬೆಟ್ಟದಿಂದ ಬೆಟ್ಟಕ್ಕೆ ಗಂಡಿನ ಬಣ್ಣ, ಕುಣಿತ ಎರಡೂ ಬದಲಾಗುತ್ತವೆ. ಈ ಬೆಟ್ಟಗಳ ಗುಂಪುಗಳು ಪ್ರತ್ಯೇಕ ಪ್ರಭೇದಗಳಾಗುವ ಹಾದಿಯಲ್ಲಿವೆ ಎಂದು ಯಾರಿಗಾದರೂ ಅನಿಸೀತು. ಆದರೆ 2005ರಲ್ಲಿ ಹೆಬೆಟ್ಸ್ ಮತ್ತು ವೇಯ್ನ್ ಮ್ಯಾಡಿಸನ್ ಪರೀಕ್ಷಿಸಿದಾಗ, ಸಾಂತಾ ರೀಟಾ ಬೆಟ್ಟದ ಹೆಣ್ಣುಗಳು ತಮ್ಮೂರ ಗಂಡುಗಳಿಗಿಂತ ಅಟಾಸ್ಕೋಸಾ ಬೆಟ್ಟದ ಪರವೂರ ಗಂಡುಗಳನ್ನೇ ಹೆಚ್ಚು ಮೆಚ್ಚಿದವು. ಅವನ್ನು ಇಂದು ದೂರವಿಟ್ಟಿರುವುದು, ನೀವು ಪಾಠದಲ್ಲಿ ಓದಿದ ಹಾಗೆ, ನಡುವಿನ ಮರುಭೂಮಿಯೇ.