ಮಗಳ ಉಗುರಲ್ಲಿ ಬಿಳಿ ಚುಕ್ಕೆ: ಕ್ಯಾಲ್ಸಿಯಂ ಕಮ್ಮಿಯೋ, ಬೋರ್ ನೀರೋ?

ದಾವಣಗೆರೆಯಲ್ಲಿದ್ದೇವೆ, 9 ವರ್ಷದ ಮಗಳ ಮೂರು ಬೆರಳಿನ ಉಗುರಲ್ಲಿ ಬಿಳಿ ಚುಕ್ಕೆ ಬಂದಿವೆ, ಮೆಡಿಕಲ್ ಶಾಪಿನವರು ಕ್ಯಾಲ್ಸಿಯಂ ಮಾತ್ರೆ ಕೊಟ್ಟರು, ರಜೆಗೆ ಹೋಗುವ ಚಿತ್ರದುರ್ಗದ ಕಡೆಯ ಬೋರ್ ನೀರಿನ ಫ್ಲೋರೈಡ್ ಕಾರಣವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಎರಡೂ ಅಲ್ಲ. ಬಿಡಿ ಚುಕ್ಕೆಗಳಿಗೆ ಸಾಮಾನ್ಯ ಕಾರಣ ಉಗುರಿನ ಬುಡಕ್ಕೆ ಬಿದ್ದ ಸಣ್ಣ ಪೆಟ್ಟು.

ಉಗುರು ಹುಟ್ಟುವುದು ಬುಡದ ಚರ್ಮದ ಮಡಿಕೆಯ ಒಳಗೆ. ಅಲ್ಲಿಯ ಜೀವಕೋಶಗಳು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿಕೊಂಡು, ಒತ್ತೊತ್ತಾಗಿ ಕೂತು, ಬೆಳಕು ಹಾಯುವ ಗಟ್ಟಿ ಹಾಳೆಯಾಗುತ್ತವೆ. ಬಾಗಿಲಿಗೆ ಬೆರಳು ಸಿಕ್ಕಿದರೆ, ಉಗುರು ಕಚ್ಚಿದರೆ, ಬುಡದ ಸಿಪ್ಪೆ ಕಿತ್ತರೆ ಕೆಲವು ಕೋಶಗಳು ಪೂರ್ತಿ ಮಾಗದೆ ಉಳಿಯುತ್ತವೆ. ಆ ಜಾಗದಲ್ಲಿ ಬೆಳಕು ಚದುರಿ ಬಿಳಿ ಕಾಣುತ್ತದೆ, ಅಕ್ಕಿ ಹುರಿದು ಮಂಡಕ್ಕಿಯಾದಾಗ ಬೆಳ್ಳಗಾಗುವ ಹಾಗೆ.

ಪೆಟ್ಟು ನೆನಪಿಲ್ಲ ಅನ್ನುತ್ತೀರಿ. ನೆನಪಿರುವುದು ಕಷ್ಟವೇ. ಚುಕ್ಕೆ ಮಡಿಕೆ ದಾಟಿ ಹೊರಗೆ ಬರುವುದಕ್ಕೇ ಕೆಲವು ವಾರ ಬೇಕು. ಆಮೇಲೆ ತಿಂಗಳಿಗೆ ಸುಮಾರು 3 ಮಿ.ಮೀ. ಮುಂದೆ ಸರಿಯುತ್ತದೆ. ಬುಡದಿಂದ 6 ಮಿ.ಮೀ. ದೂರ ಇದ್ದರೆ ಪೆಟ್ಟು ಬಿದ್ದು ಎರಡು ತಿಂಗಳ ಮೇಲಾಗಿದೆ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಬೆರಳಿನ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, 30 ದಿನ ಬಿಟ್ಟು ಇನ್ನೊಂದು. ಚುಕ್ಕೆ ತುದಿಯ ಕಡೆ ಸರಿದಿದ್ದರೆ ಅದು ಉಗುರಿನ ಹಾಳೆಯಲ್ಲೇ ಇದೆ, ಕತ್ತರಿಸುವಾಗ ತಾನೇ ಹೋಗುತ್ತದೆ. ಕೈ ಉಗುರು ಪೂರ್ತಿ ಹೊಸದಾಗಲು ಸುಮಾರು ಆರು ತಿಂಗಳು, ಕಾಲಿನ ಹೆಬ್ಬೆರಳಿಗೆ ಒಂದು ವರ್ಷದ ಮೇಲೆ. ಕೆರೆದು ತೆಗೆಯಲು ಹೋಗಬೇಡಿ, ಬಿಳಿ ಇರುವುದು ಒಳಗೆ. ಮೆಲ್ಲಗೆ ಉಜ್ಜಿದರೇ ಪುಡಿ ಉದುರಿದರೆ ಮಾತ್ರ ಶಿಲೀಂಧ್ರದ ಸೋಂಕೋ, ಬಹಳ ದಿನ ಬಿಟ್ಟ ನೇಲ್ ಪಾಲಿಶ್ ಮಾಡಿದ ಹಾನಿಯೋ ಇರಬಹುದು.

ಕ್ಯಾಲ್ಸಿಯಂ ನಂಬಿಕೆ ಸಾಯದಿರುವುದಕ್ಕೂ ಈ ಲೆಕ್ಕವೇ ಕಾರಣ. ಮೂರ್ನಾಲ್ಕು ತಿಂಗಳು ಮಾತ್ರೆ ನುಂಗುವಷ್ಟರಲ್ಲಿ ಚುಕ್ಕೆ ತುದಿಗೆ ಬಂದಿರುತ್ತದೆ, ಹೆಸರು ಮಾತ್ರೆಗೆ ಹೋಗುತ್ತದೆ! ಬೆಳ್ಳಕ್ಕಿ ಕಂಡಾಗ ಬೆರಳು ಚಾಚಿ ಉಗುರಿಗೆ ಬಿಳುಪು ಕೇಳುವ ಮಕ್ಕಳ ಲೆಕ್ಕವೂ ಹೀಗೇ. ಉಗುರಿನ ಗಟ್ಟಿತನ ಕೆರಾಟಿನ್‌ದು, ಕ್ಯಾಲ್ಸಿಯಂದಲ್ಲ. ಡಾಕ್ಟರು ಬೇರೆ ಕಾರಣಕ್ಕೆ ಬರೆದಿಲ್ಲವಾದರೆ ಈ ಚುಕ್ಕೆಗೆ ಮಾತ್ರೆ ಬೇಡ.

ಫ್ಲೋರೈಡ್ ಚಿಂತೆ ಸುಳ್ಳಲ್ಲ, ಆದರೆ ನೋಡಬೇಕಾದದ್ದು ಹಲ್ಲು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಎನಾಮಲ್‌ಗೆ, ಅಂದರೆ ಹಲ್ಲಿನ ಗಟ್ಟಿ ಹೊರಪದರಕ್ಕೆ, ಬಿದ್ದ ಸುಣ್ಣದಂಥ ಪಟ್ಟೆ, ಕಂದು ಕಲೆ ಉಗುರಿನ ಚುಕ್ಕೆಯ ಹಾಗೆ ಬೆಳೆದು ಹೋಗುವುದಿಲ್ಲ. ಊರಿನ ನೀರನ್ನು ಪರೀಕ್ಷೆಗೆ ಕೊಡಿ: ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಪ್ರಮಾಣ ಏರುತ್ತದೆ. ಕುಡಿಯಲು, ಅಡುಗೆಗೆ ಆರ್‌ಒ ಘಟಕದ ನೀರು ತನ್ನಿ.

ಡಾಕ್ಟರ ಹತ್ತಿರ ಹೋಗಬೇಕಾದ ಬಿಳುಪು ಬೇರೆ ಥರ. ಎಲ್ಲ ಉಗುರೂ ತುದಿಯ ಸಣ್ಣ ಪಟ್ಟಿ ಬಿಟ್ಟು ಬೆಳ್ಳಗಾದರೆ ಲಿವರ್ ನೋಡಿಸಬೇಕು. ಬುಡದ ಅರ್ಧ ಬಿಳಿ, ಮುಂದಿನ ಅರ್ಧ ಕಂದುಗೆಂಪು ಆದರೆ ಕಿಡ್ನಿ. ಅಡ್ಡಡ್ಡ ಜೋಡಿ ಗೆರೆ ಇದ್ದು, ಒತ್ತಿದಾಗ ಮಾಯವಾಗಿ, ತಿಂಗಳಾದರೂ ಸರಿಯದಿದ್ದರೆ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಮ್ಮಿಯಾಗಿರಬಹುದು. ಮಗಳ ಉಗುರು ಚಮಚದ ಹಾಗೆ ಗುಳಿ ಬಿದ್ದಿದ್ದರೆ ಹಿಮೋಗ್ಲೋಬಿನ್ ಮಾಡಿಸಿ. ಇವು ಯಾವುದೂ ಇಲ್ಲದಿದ್ದರೆ ಎರಡನೇ ಫೋಟೋ ತೆಗೆಯುವವರೆಗೆ ಕಾಯಿರಿ.