ಬಿಎಸ್‌ಇ ಇದ್ದಾಗ ಎನ್‌ಎಸ್‌ಇ ಯಾಕೆ ಬಂತು?

1875ರಿಂದ ಮುಂಬೈಯಲ್ಲಿ ಬಿಎಸ್‌ಇ (ಬಾಂಬೆ ಷೇರುಪೇಟೆ) ಇತ್ತಲ್ಲ, ಎನ್‌ಎಸ್‌ಇ (ರಾಷ್ಟ್ರೀಯ ಷೇರುಪೇಟೆ) ಅಂತ ಇನ್ನೊಂದು ಯಾಕೆ ಅಂತ ಕೇಳಿದ್ದೀರಿ. ಖಂಡಿತ ಬೇಕಿತ್ತು. ಆಗ ವಹಿವಾಟು ನಡೆಯುತ್ತಿದ್ದದ್ದು ರಿಂಗ್‌ನಲ್ಲಿ, ಅಂದರೆ ಬ್ರೋಕರ್‌ಗಳು ಸೇರುವ ಅಂಗಳದಲ್ಲಿ, ಕೂಗಿ ಕೂಗಿ. ಬ್ರೋಕರ್ ನಿಜಕ್ಕೂ ಎಷ್ಟಕ್ಕೆ ಕೊಂಡ ಅಂತ ದೂರದ ಊರಿನವರಿಗೆ ತಿಳಿಯುತ್ತಿರಲಿಲ್ಲ, ಅವನು ಹೇಳಿದ್ದೇ ದರ. ಷೇರುಪತ್ರಕ್ಕೆ ವಾರಗಟ್ಟಲೆ ಕಾಯಬೇಕು. ಮಾರಿದವರ ಸಹಿ ಒಂಚೂರು ಹೊಂದದಿದ್ದರೂ ಕಂಪನಿಯಿಂದ ವಾಪಸ್!

ದೇಶಕ್ಕೆಲ್ಲ ಒಂದು ಷೇರುಪೇಟೆ ಬೇಕು ಅಂತ, ಹೊಸ ಷೇರುಪೇಟೆಗಳ ಬಗ್ಗೆ ಅಧ್ಯಯನ ಮಾಡಿದ ಫೆರ್ವಾನಿ ಸಮಿತಿ ಮೊದಲೇ ಹೇಳಿತ್ತು. 1992ರಲ್ಲಿ, ಬ್ಯಾಂಕ್ ಹಣ ಬಳಸಿ ಷೇರು ಬೆಲೆ ಏರಿಸಿದ ಬ್ರೋಕರ್ ಹರ್ಷದ್ ಮೆಹ್ತಾನ ಹಗರಣ ಹೊರಬಿತ್ತು, ಅದೇ ವರ್ಷ ಎನ್‌ಎಸ್‌ಇ ನೋಂದಣಿಯೂ ಆಯಿತು. 1994ರ ನವೆಂಬರ್‌ನಲ್ಲಿ ಷೇರು ವಹಿವಾಟು ಶುರು. ಕೂಗಾಟವೇ ಇಲ್ಲ. ಬ್ರೋಕರ್ ಆಫೀಸಿನ ತಾರಸಿ ಮೇಲೆ ಉಪಗ್ರಹ ಸಂಪರ್ಕದ ವಿಸ್ಯಾಟ್ ಡಿಶ್, ಒಳಗೆ ಕಂಪ್ಯೂಟರ್. ಒಳ್ಳೆ ಬೆಲೆ ಕೊಟ್ಟವರ ಆರ್ಡರ್ ಮೊದಲು. ಬೆಲೆ ಒಂದೇ ಆದರೆ ಮೊದಲು ಹಾಕಿದವರದ್ದು ಮೊದಲು. ಹೆಸರು ನೋಡಿ ಮಣೆ ಹಾಕುವುದು ಅಲ್ಲಿಗೆ ನಿಂತಿತು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇದೇ.

ಸುಮಾರು ಒಂದೇ ವರ್ಷದಲ್ಲಿ ವಹಿವಾಟಿನಲ್ಲಿ ಬಿಎಸ್‌ಇ ಹಿಂದೆ ಬಿತ್ತು. ಅದೂ 1995ರಲ್ಲಿ ಕಂಪ್ಯೂಟರ್‌ಗೆ ಬಂತು. 1996ರಲ್ಲಿ, ಷೇರುಗಳನ್ನು ಕಂಪ್ಯೂಟರ್ ಖಾತೆಯಲ್ಲಿಡುವ ಎನ್‌ಎಸ್‌ಡಿಎಲ್ ಸಂಸ್ಥೆ ಶುರುವಾಗಿ ಡಿಮ್ಯಾಟ್ (ಕಾಗದವಿಲ್ಲದ ಷೇರು) ಬಂದ ಮೇಲೆ ಷೇರುಪತ್ರದ ಗೋಳೂ ನಿಧಾನಕ್ಕೆ ತಪ್ಪಿತು.

ಪೆಟ್ಟು ಜಾಸ್ತಿ ಬಿದ್ದದ್ದು ಸಣ್ಣ ಷೇರುಪೇಟೆಗಳಿಗೆ. ನಮ್ಮ ಬೆಂಗಳೂರಿನಲ್ಲೂ 1963ರಿಂದ ಒಂದಿತ್ತು, ಗೊತ್ತಲ್ವಾ? ವ್ಯಾಪಾರವೇ ಇಲ್ಲದೆ 2014ರಲ್ಲಿ ಷೇರುಪೇಟೆಗಳ ನಿಯಂತ್ರಕ ಸೆಬಿಯ ಅನುಮತಿ ಪಡೆದು ಮುಚ್ಚಿತು.