ಬೇಸಿಗೆಯಲ್ಲಿ ಶುದ್ಧ, ಮಳೆಗಾಲದಲ್ಲಿ ಭೇದಿ: ಬಾವಿ ನೀರಿಗೆ ಏನಾಗುತ್ತದೆ?

ಪ್ರಶ್ನೆ: ನಮ್ಮ ಹಳ್ಳಿಯ ಅರ್ಧದಷ್ಟು ಮನೆಗಳು ಒಂದೇ ತೆರೆದ ಬಾವಿಯನ್ನು ನೆಚ್ಚಿಕೊಂಡಿವೆ. ನೀರು ತಿಳಿಯಾಗಿದೆ. ಬೇಸಿಗೆಯಲ್ಲಿ ಪರೀಕ್ಷೆ ಮಾಡಿಸಿದಾಗ ಕುಡಿಯಲು ಯೋಗ್ಯ ಎಂದೇ ವರದಿ ಬಂತು. ಆದರೂ ಮಳೆ ಹಿಡಿದರೆ ಮಕ್ಕಳಿಗೆ ವಾಂತಿಭೇದಿ ಶುರುವಾಗುತ್ತದೆ. ಈಚೆಗೆ ಸುತ್ತ ಶೌಚಾಲಯಗಳೂ ಹೆಚ್ಚಿವೆ. ಶುದ್ಧೀಕರಣ ಯಂತ್ರ ಹಾಕಿಸುವುದೊಂದೇ ದಾರಿಯೇ?

ಉತ್ತರ: ಯಂತ್ರಕ್ಕೆ ಹಣ ಕೂಡಿಸುವ ಮೊದಲು, ಜೋರು ಮಳೆ ಬರುವಾಗ ಒಮ್ಮೆ ಬಾವಿಯ ಬಳಿ ಹೋಗಿ ನಿಂತು ನೋಡಿ. ಬೇಸಿಗೆಯ ವರದಿ ಹೇಳುವುದು ಆ ದಿನದ ನೀರಿನ ವಿಷಯ ಮಾತ್ರ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಶೌಚಗುಂಡಿಗಳ ತಳಕ್ಕೆ ಹತ್ತಿರವಾಗುತ್ತದೆ; ಅಂಗಳದ ಕೊಳೆಯೆಲ್ಲ ನೀರಿನ ಜೊತೆ ಹರಿದುಬರುತ್ತದೆ. ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ತಿಳಿನೀರೆಂದು ನಂಬುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ. ಕೋಲೈ (ನೀರಿಗೆ ಮಲ ಸೇರಿದೆ ಎಂದು ತೋರಿಸುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ಮಳೆಗಾಲದಲ್ಲೇ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

ಬಾವಿಕಟ್ಟೆಯ ಸುತ್ತ ನೀರು ಸೇದುವವರು ನಿಲ್ಲುವ ಜಾಗವನ್ನು ಗಮನಿಸಿ. ಅಲ್ಲಿ ಬಿರುಕಿದ್ದರೆ, ಕಾಲು ತೊಳೆದ ನೀರು, ಚೆಲ್ಲಿದ ನೀರು ಅದರೊಳಗೆ ಇಳಿದು ಮತ್ತೆ ಬಾವಿಗೇ ಸೇರುತ್ತದೆ. ಬಿರುಕು ಮುಚ್ಚಿ, ನೆಲಕ್ಕೆ ಹೊರಮುಖವಾಗಿ ಇಳಿಜಾರು ಕೊಟ್ಟು, ನೀರು ದೂರ ಹೋಗುವಂತೆ ಚರಂಡಿ ಮಾಡಿ. ಬಾವಿಯ ಒಳಗೋಡೆಯ ಮೇಲಿನ ಸುಮಾರು 3 ಮೀಟರ್ ಸೋರದಂತಿರಬೇಕು. ಕಂಡಕಂಡ ಕಡೆ ಇಟ್ಟ ಬಕೆಟ್ಟನ್ನು ಪ್ರತಿ ಮನೆಯವರೂ ಬಾವಿಗೆ ಇಳಿಸುವುದು ನಿಲ್ಲಬೇಕು. ಎಲ್ಲರಿಗೂ ಒಂದೇ ಬಕೆಟ್, ಅದೂ ನೆಲ ಮುಟ್ಟದಂತೆ ತೂಗುಹಾಕಿದ್ದು. ಬಾವಿಗೆ ಮುಚ್ಚಳ ಹಾಕಿ ಕೈಪಂಪು ಕೂರಿಸಿದರೆ ಇನ್ನೂ ಒಳ್ಳೆಯದು.

ಶೌಚಗುಂಡಿ ಬಾವಿಯಿಂದ 30 ಮೀಟರ್ ದೂರ, ಇಳಿಜಾರಿನ ಕೆಳಭಾಗದಲ್ಲಿರಲಿ ಎನ್ನುವುದು ಸಾಮಾನ್ಯ ನಿಯಮ. ಮಳೆಗಾಲದ ಅಂತರ್ಜಲ ಮಟ್ಟಕ್ಕಿಂತ ಗುಂಡಿಯ ತಳ 2 ಮೀಟರಾದರೂ ಮೇಲಿದ್ದರೆ ಕ್ಷೇಮ. ಮಣ್ಣು ಕೊಳೆಯನ್ನು ಸೋಸುತ್ತದೆ, ಬಂಡೆಯ ಬಿರುಕು ಸೋಸುವುದಿಲ್ಲ. ಕಲ್ಲುನೆಲವಾದರೆ 30 ಮೀಟರೂ ಸಾಲದೇ ಹೋಗಬಹುದು. ಹಾಗೆಂದು ಶೌಚಾಲಯ ಬಿಟ್ಟು ಬಯಲಿಗೆ ಹೋದರೆ ಅದೇ ಕೊಳೆ ಮಳೆನೀರಿನಲ್ಲಿ ಬಾವಿಗೆ ಬರುತ್ತದೆ. ಎಳೆಮಕ್ಕಳ ಮಲ ಏನೂ ಮಾಡುವುದಿಲ್ಲ ಎಂದು ಚರಂಡಿಗೆ ಹಾಕುವವರಿದ್ದಾರೆ. ಅದೂ ಅಷ್ಟೇ ಅಪಾಯ, ಶೌಚಾಲಯಕ್ಕೇ ಹಾಕಬೇಕು.

ಇಷ್ಟೆಲ್ಲ ಆಗುವವರೆಗೆ ಕ್ಲೋರಿನ್ ಬಳಸಿ. ಬಾವಿಯ ಅಗಲವನ್ನು (ಮೀಟರಿನಲ್ಲಿ) ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಎಷ್ಟು ಲೀಟರ್ ಎಂದು ಸಿಗುತ್ತದೆ. 2 ಮೀಟರ್ ಅಗಲ, 3 ಮೀಟರ್ ನೀರಿದ್ದರೆ 9,420 ಲೀಟರ್. 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರಿನ ಲೆಕ್ಕದಲ್ಲಿ 24 ಗ್ರಾಂ ಬೇಕು. ಪುಡಿಯನ್ನು ನೇರವಾಗಿ ಸುರಿಯಬೇಡಿ. ಬಕೆಟ್ ನೀರಿನಲ್ಲಿ ಕಲಸಿ, ಪುಡಿಯಲ್ಲಿರುವ ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು ಚೆನ್ನಾಗಿ ಕದಡಿ. ಒಂದು ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಾ ಕಿಟ್‌ನಲ್ಲಿ ನೋಡಿ. ಬಗ್ಗಡ ನೀರು ಕ್ಲೋರಿನ್ನನ್ನು ನುಂಗಿಬಿಡುತ್ತದೆ, ಹಳೆಯ ಪುಡಿಗೆ ಕಸುವಿರುವುದಿಲ್ಲ. ಕಡಿಮೆ ಬಂದರೆ ಪ್ರಮಾಣ ಹೆಚ್ಚಿಸಿ.

ಬಾವಿ ಸರಿಯಾದರೂ ಮನೆಯ ಪಾತ್ರೆಯಲ್ಲಿ ನೀರು ಕೆಡಬಹುದು. ಅಗಲ ಬಾಯಿಯ ಪಾತ್ರೆಗೆ ಲೋಟದ ಜೊತೆ ಬೆರಳೂ ಅದ್ದುತ್ತವೆ. ನಲ್ಲಿಯಿರುವ, ಮುಚ್ಚಿದ ಪಾತ್ರೆ ಬಳಸಿ. ಶೌಚದ ನಂತರ, ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುವುದು ತಪ್ಪಬಾರದು.

ಈ ಮಳೆಗಾಲ ಕಳೆಯುವವರೆಗೆ ಮಕ್ಕಳಿಗೆ ನೀರು ಕುದಿಸಿಯೇ ಕೊಡಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಭೇದಿ ಶುರುವಾದ ಮಗುವಿಗೆ ತಡಮಾಡದೆ ಓಆರ್‌ಎಸ್ ಕುಡಿಸಿ. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಕುಡಿಸಿದ್ದು ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.